ಕೈತೋಟ ಪ್ರಶ್ನೋತ್ತರ: ಹುಳುವಿನ ಹೊಟ್ಟೆಯ ಅಳತೆ

ಪ್ರಶ್ನೆ: ನಮ್ಮದು ಬೆಂಗಳೂರಿನ ರಾಜಾಜಿನಗರದಲ್ಲಿ ಮೂರನೆಯ ಮಹಡಿಯ ಮನೆ. ಬಾಲ್ಕನಿಯಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಒಂದು ಕೆ.ಜಿ. ಎರೆಹುಳು ಬಿಟ್ಟು, ಅಡುಗೆಮನೆಯ ಹಸಿ ಕಸವನ್ನೆಲ್ಲ ದಿನವೂ ಹಾಕುತ್ತ ಬಂದೆವು. ಹದಿನೈದೇ ದಿನಕ್ಕೆ ಹುಳಿ ವಾಸನೆ ಶುರುವಾಯಿತು. ಹುಳುಗಳು ಮುಚ್ಚಳಕ್ಕೆ ಹತ್ತಿ ಕುಳಿತವು, ಅರ್ಧಕ್ಕರ್ಧ ಸತ್ತೂ ಹೋದವು. ಡ್ರಮ್ಮನ್ನೇ ಹೊರಗೆ ಹಾಕಿ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದಾರೆ. ನಾವು ಎಲ್ಲಿ ತಪ್ಪಿದೆವು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಡ್ರಮ್ಮನ್ನು ಇಟ್ಟುಕೊಳ್ಳಿ. ಆದರೆ ಇಂದಿನಿಂದ ಒಂದು ವಾರ ಅದಕ್ಕೆ ಒಂದು ಸಿಪ್ಪೆಯನ್ನೂ ಹಾಕಬೇಡಿ. ಮಾವಳ್ಳಿಪುರದ ಕಸದ ಗುಡ್ಡೆ 2012ರಲ್ಲಿ ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಕೊಳೆತು ನಾರಿದ್ದನ್ನು ಕಂಡವರಿಗೆ, ಹಸಿ ಕಸವನ್ನೆಲ್ಲ ಮನೆಯಲ್ಲೇ ಕರಗಿಸಬೇಕೆಂಬ ಹುಮ್ಮಸ್ಸು ಬರುವುದು ಸಹಜ. ಆ ‘ಎಲ್ಲ’ ಎಂಬ ಮಾತೇ ನಿಮ್ಮನ್ನು ಕೆಡಿಸಿದೆ. ಹಸು ಸಾಕುವವರು ಮನೆಯಲ್ಲಿ ಎಷ್ಟು ಹುಲ್ಲಿದೆ ಎಂದು ನೋಡಿ ಮೇವು ಹಾಕುವುದಿಲ್ಲ, ಹಸು ಎಷ್ಟು ತಿನ್ನುತ್ತದೆ ಎಂದು ನೋಡಿ ಹಾಕುತ್ತಾರೆ. ಎರೆಹುಳುವೂ ಸಾಕುಪ್ರಾಣಿಯೇ. ಹೊಸ ಜಾಗಕ್ಕೆ ಚೆನ್ನಾಗಿ ಒಗ್ಗಿಕೊಂಡ ಒಂದು ಕೆ.ಜಿ. ಹುಳು ದಿನಕ್ಕೆ ಸುಮಾರು ಅರ್ಧ ಕೆ.ಜಿ. ತಿನ್ನಬಹುದು, ಮೊದಲ ಎರಡು ಮೂರು ವಾರ ಅದರ ಅರ್ಧವನ್ನೂ ತಿನ್ನುವುದಿಲ್ಲ. ನಾನು ಒಂದು ತಿಂಗಳು ನಮ್ಮ ಮನೆಯ ಸಿಪ್ಪೆ, ಕಾಂಡ, ಚಹಾ ಚರಟಗಳನ್ನು ತಕ್ಕಡಿಗೆ ಹಾಕಿ ನೋಡಿದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕೆ.ಜಿ.ಗೆ ಕಡಿಮೆ ಬಂದ ದಿನಗಳೇ ಅಪರೂಪ, ಹಲಸಿನ ಹಣ್ಣು ಬಿಡಿಸಿದ ದಿನದ ಲೆಕ್ಕವನ್ನಂತೂ ಬಿಟ್ಟುಬಿಡಿ.

ತಿನ್ನದೆ ಉಳಿದದ್ದು ಸುಮ್ಮನೆ ಬಿದ್ದಿರುವುದಿಲ್ಲ. ಅದು ಹುದುಗುತ್ತದೆ, ಕಾವೇರುತ್ತದೆ, ಗಾಳಿಯಾಡದ ಡ್ರಮ್ಮಿನಲ್ಲಿ ಹುಳಿಯಾಗುತ್ತದೆ. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಅದು ಒದ್ದೆ ಚರ್ಮದ ಮೂಲಕವೇ ಉಸಿರಾಡುತ್ತದೆ. ಆದ್ದರಿಂದ ಹಾಸು ನೀರಿನಿಂದ ಜಿಗುಟಾಗಿ, ಉಷ್ಣತೆ 35 ಡಿಗ್ರಿ ದಾಟಿದರೆ ಅದಕ್ಕೆ ಉಳಿಯುವುದು ಎರಡೇ ದಾರಿ: ಮುಚ್ಚಳಕ್ಕೆ ಹತ್ತುವುದು ಅಥವಾ ಸಾಯುವುದು. ನಿಮ್ಮ ಹುಳುಗಳು ಎರಡನ್ನೂ ಮಾಡಿ ತೋರಿಸಿವೆ. ಅನ್ನ, ಸಾರು, ಒಗ್ಗರಣೆಯ ಎಣ್ಣೆ, ಉಪ್ಪಿನಕಾಯಿಯ ರಸ ಇವೂ ಡ್ರಮ್ಮಿಗೆ ಬಿದ್ದಿರಬಹುದೆಂದು ನನ್ನ ಅನುಮಾನ. ಉಪ್ಪು ತಾಗಿದರೆ ಅದರ ಚರ್ಮ ಉರಿಯುತ್ತದೆ. ಹಿಂದೆ ಇಂಥ ಮುಸುರೆ ದನದ ಕಲಗಚ್ಚಿಗೆ ಹೋಗುತ್ತಿತ್ತು, ಈಗ ಪಾಲಿಕೆಯ ಹಸಿ ಕಸದ ಗಾಡಿಗೆ ಹೋಗಲಿ. ನಿಂಬೆ ಮತ್ತು ಕಿತ್ತಳೆ ಸಿಪ್ಪೆ, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿಯ ತೊಟ್ಟುಗಳನ್ನು ಸದ್ಯಕ್ಕೆ ದೂರವಿಡಿ.

ಈಗ ಮಾಡಬೇಕಾದದ್ದು ಇಷ್ಟು. ಡ್ರಮ್ಮಿನಲ್ಲಿರುವುದನ್ನು ಹಳೆಯ ಬೆಡ್‌ಶೀಟಿನ ಮೇಲೆ ನೆರಳಿನಲ್ಲಿ ಹರಡಿ. ಕೊಳೆತು ಹುಳಿಯಾದ ಭಾಗವನ್ನು ಬೇರೆ ಮಾಡಿ, ಅದಕ್ಕೆ ಎರಡು ಪಾಲು ತರಗೆಲೆ ಬೆರೆಸಿ ಇನ್ನೊಂದು ಕುಂಡದಲ್ಲಿ ಹುಳುವಿಲ್ಲದೆಯೇ ಕಳಿಯಲು ಬಿಡಿ. ಡ್ರಮ್ಮನ್ನು ತೊಳೆದು, ತಳಕ್ಕೂ ಪಕ್ಕಗಳಿಗೂ ತೂತು ಕೊರೆದು, ನಾಲ್ಕು ಬೆರಳು ಎತ್ತರಕ್ಕೆ ನೆನೆಸಿ ಹಿಂಡಿದ ತೆಂಗಿನ ನಾರು ಹಾಕಿ. ಅದರ ಮೇಲೆ ಹತ್ತು ಹದಿನೈದು ದಿನ ಹಳೆಯ ಸಗಣಿ ಇರಲಿ, ಏಕೆಂದರೆ ಹಸಿ ಸಗಣಿಯೂ ಕಾವೇರುತ್ತದೆ. ಹಾಸನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಿನುಗಬೇಕು. ಧಾರೆ ಇಳಿದರೆ ಒದ್ದೆ ಹೆಚ್ಚಾಗಿದೆ, ಕೈ ತೆರೆದಾಗ ಉಂಡೆ ಉದುರಿಹೋದರೆ ಒಣಗಿದೆ. ಬದುಕಿರುವ ಹುಳುಗಳನ್ನು ಬೆಳಕಿನಲ್ಲಿ ಹಾಸಿನ ಮೇಲಿಟ್ಟರೆ ಅವು ಬೆಳಕಿಗೆ ಅಂಜಿ ತಾವಾಗಿ ಒಳಗಿಳಿಯುತ್ತವೆ. ಅರ್ಧ ಗಂಟೆಯಾದರೂ ಇಳಿಯದಿದ್ದರೆ ಹಾಸಿನಲ್ಲೇ ದೋಷವಿದೆ ಎಂದರ್ಥ.

ಹಳೆಯದನ್ನು ಕುಂಡಕ್ಕೆ ಹಾಕುವ ಮೊದಲು ಕನ್ನಡಕ ಹಾಕಿಕೊಂಡು ಒಮ್ಮೆ ಕೆದಕಿ. ಸಾಸಿವೆಗಿಂತ ತುಸು ದೊಡ್ಡದಾದ, ನಿಂಬೆಹಣ್ಣಿನ ಆಕಾರದ, ಹೊಂಬಣ್ಣದ ಕಾಳುಗಳು ಕಂಡರೆ ಅವು ಮೊಟ್ಟೆಗೂಡುಗಳು. ಒಂದೊಂದರಿಂದಲೂ ಮೂರು ನಾಲ್ಕು ವಾರಗಳಲ್ಲಿ ದಾರದೆಳೆಯಂಥ ಎರಡು ಮೂರು ಮರಿಗಳು ಹೊರಬರುತ್ತವೆ, ಮತ್ತೆರಡು ತಿಂಗಳಿಗೆ ಅವೂ ಮೊಟ್ಟೆಯಿಡುತ್ತವೆ. ಹೀಗಾಗಿ ಅರ್ಧ ಹುಳು ಸತ್ತರೂ ಸಂಸಾರ ಮುಳುಗಿಲ್ಲ. ವಾರದ ಬಳಿಕ ದಿನಕ್ಕೆ ಒಂದು ಬೊಗಸೆಯಷ್ಟು ಹೆಚ್ಚಿದ ಸಿಪ್ಪೆಯನ್ನು ಒಂದು ಮೂಲೆಯಲ್ಲಿ ಹೂತು, ಮೇಲೆ ಅಷ್ಟೇ ತರಗೆಲೆ ಮುಚ್ಚಿ. ಹಿಂದಿನದು ಗುರುತು ಸಿಗದಂತೆ ಕರಗುವವರೆಗೆ ಮುಂದಿನ ಬೊಗಸೆ ಬೇಡ. ಅತ್ತೆಯವರ ಮೂಗು ನಿಮ್ಮ ಮನೆಯಲ್ಲಿರುವ ಅತ್ಯುತ್ತಮ ಮಾಪಕ. ಅವರು ಸುಮ್ಮನಾದರೆ ಹಾಸು ಸರಿಹೋಗಿದೆ ಎಂದು ತಿಳಿಯಿರಿ.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಎಲ್ಲಿ ಅಗೆದರೂ ದಪ್ಪ ಎರೆಹುಳು ಸಿಗುತ್ತದೆ. ಹಣ ಕೊಟ್ಟು ತರುವ ಬದಲು ಇವನ್ನೇ ಗೊಬ್ಬರದ ತೊಟ್ಟಿಗೆ ಬಿಡಬಹುದೆ?
– ಕೃಷಿಕರೊಬ್ಬರು, ತೀರ್ಥಹಳ್ಳಿ

ಉತ್ತರ: ತೋಟದಲ್ಲಿ ಅಗೆದಾಗ ಸಿಗುವ ಹುಳು ಮಣ್ಣು ತಿಂದು ಮಣ್ಣಿನೊಳಗೆ ಬಿಲ ಕೊರೆಯುವ ಜಾತಿಯದು. ಅದು ನಿಮ್ಮ ಅಡಿಕೆಯ ಬೇರಿಗೆ ನೀರು ಮತ್ತು ಗಾಳಿಯ ದಾರಿ ಮಾಡಿಕೊಡುತ್ತಿದೆ. ತೊಟ್ಟಿಯ ಸಗಣಿ ಸೊಪ್ಪಿನಲ್ಲಿ ಅದು ನಿಲ್ಲುವುದಿಲ್ಲ, ಅದನ್ನು ಇದ್ದಲ್ಲೇ ಇರಲು ಬಿಡಿ. ಆದರೆ ಹಣ ಕೊಟ್ಟೇ ತರಬೇಕೆಂದೂ ಇಲ್ಲ. ನಿಮ್ಮ ಕೊಟ್ಟಿಗೆಯ ಹಿಂದಿನ ತಿಪ್ಪೆಯಲ್ಲಿ, ಹಳೆಯ ಸಗಣಿಯ ಉಂಡೆಯಡಿಯಲ್ಲಿ ತೆಳ್ಳಗೆ, ಬೆನ್ನಿನ ಮೇಲೆ ನೀಲಿ ನೇರಳೆ ಹೊಳಪಿರುವ, ಮುಟ್ಟಿದರೆ ಚುರುಕಾಗಿ ಹೊರಳಾಡುವ ಹುಳು ಸಿಕ್ಕಿದರೆ ಅದು ಬಹುಶಃ ನಮ್ಮ ನೆಲದ್ದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆಯವರು ಈ ಹುಳುವನ್ನೂ, ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೇ ಹುಳುವನ್ನೂ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಮಾರಾಟಕ್ಕೆ ಸಿಗುವವುಗಳಲ್ಲಿ ಹೆಚ್ಚಿನವು ಯೂಡ್ರಿಲಸ್ ಅಥವಾ ಐಸೀನಿಯಾ ಫೆಟಿಡಾ. ಯೂಡ್ರಿಲಸ್ ಗಾತ್ರದಲ್ಲಿ ದೊಡ್ಡದು, ಹೊಟ್ಟೆಬಾಕ, ಆದರೆ ಚಳಿಗೆ ಮುದುಡುತ್ತದೆ.

ಅಡಿಕೆ ಸೋಗೆ, ತೆಂಗಿನ ಗರಿಗಳಂಥ ಒರಟು ಕಸವೇ ಹೆಚ್ಚಿದ್ದರೆ ಮಾತು ಬೇರೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಗರಿಯನ್ನು ಗೊಬ್ಬರ ಮಾಡಲು ಆರಿಸಿಕೊಂಡದ್ದು ಯೂಡ್ರಿಲಸ್ ಕುಲದ ಹುಳುವನ್ನೇ. ಹತ್ತು ಪಾಲು ಗರಿಗೆ ಒಂದು ಪಾಲು ಸಗಣಿ ಬೆರೆಸಿ, ಎರಡು ಮೂರು ವಾರ ನೆನೆಸಿ ಮೆತ್ತಗಾದ ಮೇಲೆ ಹುಳು ಬಿಡಿ. ಹಲ್ಲಿಲ್ಲದ ಪ್ರಾಣಿಗೆ ಹಸಿ ಸೋಗೆ ಜಗಿ ಎಂದರೆ ಹೇಗೆ ಜಗಿದೀತು?

ಪ್ರಶ್ನೆ: ತೊಟ್ಟಿಗೆ ಕೆಂಪಿರುವೆ ಮುತ್ತಿವೆ. ಇರುವೆಪುಡಿ ಹಾಕಬಹುದೆ?
– ಗೃಹಿಣಿಯೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡವೇ ಬೇಡ, ಪುಡಿಗೆ ಹುಳುಗಳೂ ಬಲಿಯಾಗುತ್ತವೆ. ಇರುವೆ ಬಂದಿದೆ ಎಂದರೆ ಹಾಸು ಒಣಗಿದೆ ಅಥವಾ ಸಿಹಿ ಹಣ್ಣು ಮೇಲೆಯೇ ಬಿದ್ದಿದೆ ಎಂದರ್ಥ. ನೀರು ಚಿಮುಕಿಸಿ ಹಾಸನ್ನು ತಿರುವಿ ಹಾಕಿ, ಬಾಳೆ ಮತ್ತು ಮಾವಿನ ಸಿಪ್ಪೆಗಳನ್ನು ಆಳಕ್ಕೆ ಹೂಳಿ. ತೊಟ್ಟಿಯನ್ನು ನಾಲ್ಕು ಇಟ್ಟಿಗೆಗಳ ಮೇಲಿಟ್ಟು, ಇಟ್ಟಿಗೆಗಳನ್ನು ನೀರು ತುಂಬಿದ ಹಳೆಯ ತಟ್ಟೆಗಳಲ್ಲಿ ನಿಲ್ಲಿಸಿ. ಸೊಳ್ಳೆ ಮರಿಯಾಗದಂತೆ ಆ ನೀರನ್ನು ಮೂರು ದಿನಕ್ಕೊಮ್ಮೆ ಬದಲಿಸಲು ಮರೆಯಬೇಡಿ.

ಪ್ರಶ್ನೆ: ರಾಸಾಯನಿಕ ಬೇಡವೆಂದು ಕುಂಡಗಳಿಗೆ ಪೂರ್ತಿ ಎರೆಗೊಬ್ಬರವನ್ನೇ ತುಂಬಿ ಮೆಣಸಿನ ಸಸಿ ನೆಟ್ಟಿದ್ದೇನೆ. ಆದರೂ ಎಲೆಗಳು ಮುರುಟಿಕೊಂಡಿವೆ, ಗಿಡ ಏಳುತ್ತಿಲ್ಲ. ಗೊಬ್ಬರ ಇನ್ನೂ ಹೆಚ್ಚು ಹಾಕಲೆ?
– ನಿವೃತ್ತ ಶಿಕ್ಷಕರೊಬ್ಬರು, ಮಂಡ್ಯ

ಉತ್ತರ: ಕಡಿಮೆ ಮಾಡಬೇಕು. ಬರಿಯ ಎರೆಗೊಬ್ಬರ ತುಂಬಿದ ಕುಂಡ ನೀರು ಹೀರಿ ಒತ್ತಾಗಿ ಕೂರುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಒಂದು ಪಾಲು ಎರೆಗೊಬ್ಬರಕ್ಕೆ ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ ಇರಲಿ. ಆಮೇಲೆ ತಿಂಗಳಿಗೊಮ್ಮೆ ಬುಡಕ್ಕೆ ಎರಡು ಹಿಡಿ ಕೊಟ್ಟರೆ ಧಾರಾಳವಾಯಿತು. ಎರೆಗೊಬ್ಬರದಲ್ಲಿ ಸಾರಜನಕ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು ಭಾಗ ಮಾತ್ರ. ಯೂರಿಯಾದಲ್ಲಿ ಅದು 46 ಭಾಗ. ಆದ್ದರಿಂದ ರಾತ್ರೋರಾತ್ರಿ ಹಸಿರೇರುವ ಪವಾಡವನ್ನು ಎರೆಗೊಬ್ಬರದಿಂದ ನಿರೀಕ್ಷಿಸುವುದು ಅನ್ಯಾಯ. ಅದರ ಕೆಲಸ ಮಣ್ಣನ್ನು ಸಡಿಲವಾಗಿಡುವುದು, ತೇವ ಹಿಡಿಯುವುದು, ನಿಧಾನವಾಗಿ ಉಣಿಸುವುದು.

ಮುರುಟಿಗಂತೂ ಗೊಬ್ಬರ ಮದ್ದಲ್ಲ. ಒಂದು ಎಳೆಯ ಎಲೆ ಕಿತ್ತು ಅಂಗೈ ಮೇಲಿಟ್ಟುಕೊಂಡು ನೋಡಿ. ಅಂಚುಗಳು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಅದು ಥ್ರಿಪ್ಸ್ ನುಸಿಯ ಕೆಲಸ. ಕೆಳಕ್ಕೆ ಮಡಚಿ ದೋಣಿ ಬೋರಲಾದಂತಿದ್ದು ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎರಡೂ ಬರಿಗಣ್ಣಿಗೆ ಸುಲಭವಾಗಿ ಕಾಣವು. ಎರಡೂ ಒಟ್ಟಿಗೇ ಇರುವುದುಂಟು. ತೀರಾ ಕೆಟ್ಟ ಕುಡಿಗಳನ್ನು ಚಿವುಟಿ ದೂರ ಎಸೆದು, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎಣ್ಣೆ ಬೆರೆಯುವಷ್ಟು ಸೋಪಿನ ನೀರು ಸೇರಿಸಿ, ಸಂಜೆ ಹೊತ್ತು ಎಲೆಯ ಅಡಿಭಾಗ ತೋಯುವಂತೆ ವಾರಕ್ಕೊಮ್ಮೆ ಮೂರು ಸಲ ಸಿಂಪಡಿಸಿ. ಆಮೇಲೂ ಹೊಸ ಚಿಗುರು ಮುರುಟುತ್ತಿದ್ದರೆ ಆ ಗಿಡದ ಮೋಹ ಬಿಟ್ಟು, ಪಕ್ಕದ ಗಿಡಕ್ಕೆ ಹಬ್ಬುವ ಮೊದಲು ಕಿತ್ತುಹಾಕುವುದು ಲೇಸು.

ಪ್ರಶ್ನೆ: ತುಮಕೂರಿನ ಅಂಚಿನಲ್ಲಿ ನಮಗೆ 30×40ರ ನಿವೇಶನವಿದೆ. ಅರ್ಧದಲ್ಲಿ ಮನೆಯಿದೆ, ಅರ್ಧ ಖಾಲಿಯಿದೆ. ಇಬ್ಬರೂ ಕೆಲಸ ಬಿಟ್ಟು, ಊಟಕ್ಕೆ ಬೇಕಾದುದನ್ನೆಲ್ಲ ಅಲ್ಲೇ ಬೆಳೆದು ಸ್ವಾವಲಂಬಿಗಳಾಗಿ ಬದುಕಬೇಕೆಂಬ ಆಸೆ. ಸಾಧ್ಯವೆ?
– ಯುವ ದಂಪತಿ, ತುಮಕೂರು

ಉತ್ತರ: ಮತ್ತೆ ಆ ‘ಎಲ್ಲ’ ಬಂತು. ನಿಮ್ಮಲ್ಲಿ ಖಾಲಿ ಇರುವುದು 600 ಚದರಡಿ, ಎಂದರೆ ಅರ್ಧ ಗುಂಟೆಗಿಂತ ಸ್ವಲ್ಪ ಹೆಚ್ಚು. ಎಕರೆಗೆ 10 ಕ್ವಿಂಟಲ್ ರಾಗಿ ಬಂತೆಂದು ಹಿಡಿದರೆ ಗುಂಟೆಗೆ 25 ಕೆ.ಜಿ., ನಿಮ್ಮ ಜಾಗಕ್ಕೆ ಸುಮಾರು 14 ಕೆ.ಜಿ. ದಿನಕ್ಕೊಂದು ಹೊತ್ತು ಮುದ್ದೆ ಉಂಡರೂ ಇಬ್ಬರಿಗೆ ಎರಡು ಮೂರು ತಿಂಗಳು ಬಂದರೆ ಹೆಚ್ಚು. ಅಕ್ಕಿ, ಬೇಳೆ, ಎಣ್ಣೆಯ ಮಾತನ್ನು ಎತ್ತುವುದೇ ಬೇಡ. ಆದ್ದರಿಂದ ಕೆಲಸ ಬಿಡುವ ಪತ್ರವನ್ನು ಸದ್ಯಕ್ಕೆ ಬರೆಯಬೇಡಿ.

ಆದರೆ ಅದೇ ಜಾಗದಲ್ಲಿ ಸೊಪ್ಪು ತರಕಾರಿಯನ್ನು ಮಾತ್ರ ಲೆಕ್ಕ ಹಾಕಿದರೆ ಚಿತ್ರವೇ ಬದಲಾಗುತ್ತದೆ. ಮೆಂತ್ಯ ಮತ್ತು ದಂಟು ಸೊಪ್ಪು ಒಂದು ತಿಂಗಳೊಳಗೆ ಕೈಗೆ ಬರುತ್ತವೆ. ಇಡೀ ಮಡಿಗೆ ಒಮ್ಮೆಲೇ ಬಿತ್ತದೆ, ವಾರಕ್ಕೊಂದು ಗೇಣಗಲದ ಪಟ್ಟಿಯಂತೆ ಬಿತ್ತಿದರೆ ವರ್ಷವಿಡೀ ಅಂಗಡಿಯ ಸೊಪ್ಪು ತರಬೇಕಾಗುವುದಿಲ್ಲ. ಬೇಲಿಯ ಮೂಲೆಗೆ ನುಗ್ಗೆ, ಬಾಗಿಲ ಬಳಿ ಕರಿಬೇವು, ಬೇಲಿಗೆ ಬಸಳೆ ಮತ್ತು ಹೀರೆ, ಬಚ್ಚಲ ನೀರು ಹರಿಯುವಲ್ಲಿ ಎರಡು ಬಾಳೆ ಮತ್ತು ಕೆಸು: ಇದು ನಮ್ಮ ಹಿತ್ತಿಲುಗಳ ಹಳೆಯ ವ್ಯವಸ್ಥೆಯೇ. ತುಮಕೂರಿನಲ್ಲಿ ನೀರೇ ನಿಜವಾದ ಮಿತಿ. 60 ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 1,200 ಲೀಟರ್ ನೀರು ಇಳಿಯುತ್ತದೆ. ಸೋರಿಕೆ ಕಳೆದರೂ ಸಾವಿರ ಲೀಟರ್ ಹಿಡಿಯಬಹುದು. ಗಿಡ ನೆಡುವ ಮೊದಲು ಅದಕ್ಕೊಂದು ತೊಟ್ಟಿ ಕಟ್ಟಿಸಿ.

ಬೀಜದ ವಿಷಯದಲ್ಲಿ ನೀವು ನಿಜಕ್ಕೂ ಸ್ವಾವಲಂಬಿಗಳಾಗಬಹುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯಂಥ ತಳಿಯಿಂದ ಬೀಜ ಉಳಿಸಿಕೊಳ್ಳಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ರೋಗ ತಡೆಯುವುದರಲ್ಲಿ ಗಟ್ಟಿಯಾದರೂ ಸಂಕರ ತಳಿಯಾದ್ದರಿಂದ ಅದರ ಬೀಜದಿಂದ ತಾಯಿಯಂಥದೇ ಗಿಡ ಬರುವುದಿಲ್ಲ. ಅವರೆಯಲ್ಲೂ ಹೀಗೊಂದು ಸೂಕ್ಷ್ಮವಿದೆ. ನಾಟಿ ಅವರೆ ಹಗಲು ಕಿರಿದಾಗುವ ಕಾಲಕ್ಕೆ ಕಾದು ಹೂ ಬಿಡುತ್ತದೆ, ಹೆಬ್ಬಾಳ ಅವರೆ-3 ಮತ್ತು 4 ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಕೊಡುತ್ತವೆ. ಸೊಗಡಿನ ಮಾತು ಬಂದರೆ ನನ್ನ ಮತ ನಾಟಿಗೇ, ಆದರೆ ಅದು ಚರ್ಚೆಯ ವಿಷಯ.

ಪ್ರಶ್ನೆ: ತೊಟ್ಟಿಯ ತಳದಿಂದ ಕಪ್ಪು ನೀರು ಸೋರುತ್ತಿದೆ. ಇದೇ ಎರೆಜಲವೆ?
– ಓದುಗರೊಬ್ಬರು, ಉಡುಪಿ

ಉತ್ತರ: ಅಲ್ಲ. ಕಳಿತ ಹಾಸಿನ ಮೂಲಕ ಶುದ್ಧ ನೀರನ್ನು ಹನಿಹನಿಯಾಗಿ ಇಳಿಸಿ ಸಂಗ್ರಹಿಸಿದ್ದು ಎರೆಜಲ. ನಿಮ್ಮದು ಕೊಳೆಯುತ್ತಿರುವ ಕಸದ ಸೋರು. ಕೆಟ್ಟ ವಾಸನೆಯಿದ್ದರೆ ತರಗೆಲೆಯ ರಾಶಿಗೆ ಸುರಿದುಬಿಡಿ. ವಾಸನೆಯಿಲ್ಲದಿದ್ದರೆ ಹತ್ತು ಪಾಲು ನೀರಿಗೆ ಒಂದು ಪಾಲು ಬೆರೆಸಿ ಹೂಗಿಡದ ಬುಡಕ್ಕೆ ಹಾಕಿ, ತಿನ್ನುವ ಸೊಪ್ಪಿನ ಮೇಲೆ ಮಾತ್ರ ಬೇಡ. ಕರಾವಳಿಯ ಮಳೆಗಾಲದಲ್ಲಿ ತೊಟ್ಟಿಗೆ ಮಾಡು ಇರಲೇಬೇಕು.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಒಂದು ತಿಂಗಳು ಪುಣೆಗೆ ಹೋಗಬೇಕಾಗಿದೆ. ಹುಳುಗಳನ್ನು ಯಾರಿಗೆ ಒಪ್ಪಿಸಲಿ?
– ಗೃಹಿಣಿಯೊಬ್ಬರು, ಧಾರವಾಡ

ಉತ್ತರ: ಯಾರಿಗೂ ಬೇಡ. ನಂಬಿಕಸ್ಥ ನೆರೆಯವರು ಕರುಣೆಯಿಂದ ಒಂದು ಪಾತ್ರೆ ಹಳಸಿದ ಪಲಾವು ಸುರಿದರೆ ಮೊದಲನೆಯ ಪ್ರಶ್ನೆಯ ಗತಿಯೇ ಆದೀತು. ಹೊರಡುವ ನಾಲ್ಕು ದಿನ ಮೊದಲು ಹಸಿ ಕಸ ನಿಲ್ಲಿಸಿ. ಅರೆಕಳಿತ ಸಗಣಿ ಮತ್ತು ನೆನೆಸಿದ ತರಗೆಲೆಗಳನ್ನು ಸಮಪಾಲು ಬೆರೆಸಿ ಒಂದು ಗೇಣು ಹಾಸಿ, ಮೇಲೆ ಎರಡು ಪದರ ಒದ್ದೆ ಗೋಣಿಚೀಲ ಮುಚ್ಚಿ, ತೊಟ್ಟಿಯನ್ನು ಬಿಸಿಲು ಸುಳಿಯದ ಕಡೆಗೆ ಸರಿಸಿ. ಹಾಸನ್ನೇ ತಿಂದುಕೊಂಡು ಅವು ತಿಂಗಳು ಕಳೆಯುತ್ತವೆ. ಬೇಸಿಗೆಯಾದರೆ ವಾರಕ್ಕೊಮ್ಮೆ ಗೋಣಿಯ ಮೇಲೆ ಎರಡು ತಂಬಿಗೆ ನೀರು ಚಿಮುಕಿಸುವಂತೆ ಮಾತ್ರ ನೆರೆಯವರಿಗೆ ಹೇಳಿ, ಕಸದ ಮಾತೆತ್ತಬೇಡಿ. ಹಿಂತಿರುಗಿದಾಗ ಗೋಣಿಯಡಿಯಲ್ಲಿ ಚಹಾಪುಡಿಯಂಥ ಕಪ್ಪು ಹರಳು ನಿಂತಿರುತ್ತದೆ. ಅದನ್ನು ಬಿಸಿಲಿನಲ್ಲಿ ಗುಡ್ಡೆ ಮಾಡಿದರೆ ಹುಳುಗಳು ತಳಕ್ಕಿಳಿಯುತ್ತವೆ, ಮೇಲಿನದನ್ನು ಜರಡಿ ಹಿಡಿದುಕೊಳ್ಳಿ.