ಸ್ಕಾಟ್ಲೆಂಡಿನ ಗ್ಲಾಸ್ಗೋ ಸೆಂಟ್ರಲ್ ರೈಲ್ವೆ ಸ್ಟೇಷನ್ ಪಕ್ಕದ ಪಬ್‌ನಲ್ಲಿ ಆರ್ಡರ್ ಮಾಡೋದು ಹೇಗೆ?

ಡ್ರುರಿ ಸ್ಟ್ರೀಟಿನ ಹಾರ್ಸ್‌ಶೂ ಬಾರ್‌ನಲ್ಲಿ ಟೇಬಲ್‌ಗೆ ಯಾರೂ ಬರಲ್ವಾ ಅಂತ ಕೇಳಿದ್ದೀರಿ. ಡ್ರಿಂಕ್ಸ್‌ಗೆ ನೀವೇ ಕೌಂಟರ್‌ಗೆ ಹೋಗಬೇಕು. ಕುದುರೆ ಲಾಳದ ಆಕಾರದ ಉದ್ದನೆ ಕೌಂಟರ್ ಅದು. ಕ್ಯೂ ಇರಲ್ಲ, ಆದರೆ ಯಾರ ಹಿಂದೆ ಯಾರು ಅನ್ನೋ ಲೆಕ್ಕ ಬಾರ್‌ನವರ ತಲೆಯಲ್ಲಿರುತ್ತೆ. ಖಾಲಿ ಜಾಗದಲ್ಲಿ ನಿಂತು ಅವರತ್ತ ನೋಡಿದರೆ ಸಾಕು. ನೋಟು ಆಡಿಸಿ, ಚಿಟಿಕೆ ಹೊಡೆದರೆ ನಿಮ್ಮ ಸರದಿ ಇನ್ನೂ ಹಿಂದೆ! ದುಡ್ಡು ಅಲ್ಲೇ ಕೊಡಬೇಕು, ಟಿಪ್ಸ್ ಬೇಕಿಲ್ಲ.

ಅಲ್ಲಿ ಬಿಯರ್ ಅಳತೆ ಪೈಂಟ್, ಅಂದರೆ 568 ಎಂ.ಎಲ್., ನಮ್ಮ 650ರ ಬಿಯರ್ ಬಾಟಲಿಗಿಂತ ಸ್ವಲ್ಪ ಕಡಿಮೆ. ಕಾಸ್ಕ್ ಏಲ್ (ಪೀಪಾಯಿಯಿಂದಲೇ ಕೊಡೋ ಬಿಯರ್) ಬರೋದೇ 11–13 ಡಿಗ್ರಿಯಲ್ಲಿ, ಗ್ಯಾಸೂ ಕಡಿಮೆ; ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ. ಚಿಲ್ಡ್ ಬೇಕಿದ್ದರೆ ಲಾಗರ್ (ತಣ್ಣಗೆ ಕೊಡೋ ಬಿಯರ್) ಹೇಳಿ.

ಅಲ್ಲಿಂದ ಮುಂದೆ ರೈಲು ಹಿಡಿಯೋದಿದ್ದರೆ ಒಂದು ಮಾತು: ಎಡಿನ್‌ಬರಾಗೆ ಹೋಗೋ ರೈಲುಗಳು ಹೆಚ್ಚಾಗಿ ಹೊರಡೋದು ಕ್ವೀನ್ ಸ್ಟ್ರೀಟ್ ಸ್ಟೇಷನ್ನಿಂದ, ಸೆಂಟ್ರಲ್‌ನಿಂದ ಅಲ್ಲ. ಎರಡನೇ ಪೈಂಟ್ ಹೇಳೋ ಮುಂಚೆ ಟಿಕೆಟ್ ನೋಡಿಕೊಳ್ಳಿ.