ಮುಂಬಯಿಗೆ ಬರುವ ತಂಗಿಗೆ: ಮೊದಲು ಸಭೆಯ ಪತ್ರ

ತಂಗಿ, ನಿನ್ನ ಪ್ರಶ್ನೆಗಳನ್ನು ಓದಿದೆ. ನಿನ್ನ ಮನೆಯವರಿಗೆ ಮುಂಬಯಿಯ ಕನ್ನಡ ಕ್ರೈಸ್ತ ಸಭೆಯಿಂದ ಪಾಸ್ಟರ್ ಆಗಿ ಬರಲು ಕರೆ ಬಂದಿದೆ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಗದಗ ಬಿಡ್ತೀವಿ ಅಂದಿದ್ದೀಯ. ಮನೆ ಸಿಗುತ್ತಾ, ಮಗಳಿಗೆ ಶಾಲೆ ಎಲ್ಲಿ, ನಾನೂ ಕೆಲಸಕ್ಕೆ ಹೋಗಬಹುದಾ, ಸಭೆಯ ಜನ ಹೇಗೆ ಅಂತ ಕೇಳಿದ್ದೀಯ. ಕೊನೆಗೆ, "ಅಕ್ಕಾ, ಪರದೇಶಕ್ಕೆ ಹೋದ ಹಾಗೆ ಅನಿಸುತ್ತಾ?" ಅಂತಲೂ ಕೇಳಿದ್ದೀಯ. ಅನಿಸುತ್ತೆ. ಒಂದು ರಾತ್ರಿಯ ಗಾಡಿ ಅಷ್ಟೇ, ಆದರೂ ಅನಿಸುತ್ತೆ.

ಮನೆ ಸಿಗುತ್ತೆ. 11 ತಿಂಗಳ ಕರಾರು, ಡಿಪಾಜಿಟ್, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಪೊಲೀಸ್ ವೆರಿಫಿಕೇಶನ್. ಪಾಸ್ಟರ್ ಅಂದ ಕೂಡಲೇ ಕೆಲವು ಹೌಸಿಂಗ್ ಸೊಸೈಟಿಯವರು "ಮನೆಗೆ ಜನ ಬರ್ತಾರಾ, ಹಾಡ್ತೀರಾ?" ಅಂತ ಕೇಳ್ತಾರೆ. ಇದ್ದದ್ದನ್ನು ಹೇಳಿಬಿಡಿ. ಅಂಬರ್‌ನಾಥ್, ಕಲ್ಯಾಣ್ ಕಡೆ ನೋಡಿದರೆ ಕೈಗೆಟುಕುತ್ತೆ. ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳದೆ ಮುಂಗಡ ಕೊಡಬೇಡಿ.

ಶಾಲೆ: ಯಾವ ಮಾಧ್ಯಮಕ್ಕೆ ಹಾಕಿದರೂ ಮರಾಠಿ ಕಲಿಯಲೇಬೇಕು, 2020ರಲ್ಲಿ ಕಾನೂನೇ ಆಗಿದೆ. ಮಕ್ಕಳು ಬೇಗ ಕಲೀತಾರೆ, ಚಿಂತೆ ಬೇಡ. ಕನ್ನಡ ಓದಿಸುವುದು ಮಾತ್ರ ನಿನ್ನ ತಲೆ ಮೇಲೆ. ಸಂಡೇ ಸ್ಕೂಲಿನಲ್ಲಿ ಕನ್ನಡ ಬೈಬಲ್ ಹಿಡಿಸಿ ಓದಿಸು. ನನ್ನ ಮಗ ಕೀರ್ತನೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡು ಹಾಡ್ತಾನೆ. ರಾಗ ತಪ್ಪಲ್ಲ, ಅದೇ ಸಮಾಧಾನ.

ನಿನ್ನ ಕೆಲಸದ ವಿಷಯ. ಸಿಕ್ಕರೆ ಮಾಡು. ಆದರೆ ಸಭೆ ಒಂದು ಸಂಬಳ ಕೊಟ್ಟು ಇಬ್ಬರನ್ನು ಕರೆಸಿಕೊಳ್ಳುತ್ತೆ, ಇದು ಹೊಸದೇನಲ್ಲ. 1829ರಲ್ಲಿ ಮಿಶನರಿ ಜಾನ್ ವಿಲ್ಸನ್ ಮತ್ತು ಅವರ ಹೆಂಡತಿ ಮಾರ್ಗರೆಟ್ ಸ್ಕಾಟ್ಲೆಂಡಿನಿಂದ ಮುಂಬಯಿಗೆ ಬಂದರು. ಮಾರ್ಗರೆಟ್ ಮರಾಠಿ ಕಲಿತರು, ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, ಮನೆ ಮಕ್ಕಳನ್ನೂ ನೋಡಿಕೊಂಡರು. 1835ರಲ್ಲಿ ಇಲ್ಲೇ ತೀರಿಕೊಂಡರು. ಗಂಡ 1875ರಲ್ಲಿ ಸಾಯುವವರೆಗೂ ಇದೇ ಊರನ್ನು ನಂಬಿ ಇದ್ದರು. ಚೌಪಾಟಿಯ ವಿಲ್ಸನ್ ಕಾಲೇಜು ಟ್ಯಾಕ್ಸಿಯವನಿಗೂ ಗೊತ್ತು. ಮಾರ್ಗರೆಟ್ ಯಾರು ಅಂತ ಕೇಳಿ ನೋಡು. ನನಗೆ ಸಿಟ್ಟು ಬರೋದು ಅಲ್ಲೇ. ಇರಲಿ ಬಿಡು.

ನಾವು ಬಂದದ್ದು ಮಳೆಗಾಲದಲ್ಲಿ. ನಮ್ಮ ಮನೆಯವರೂ ಪಾಸ್ಟರೇ, ಅವರಿಗೆ ಧಾರವಾಡದ ಕಡೆಯ ಸಭೆ ಅಭ್ಯಾಸ: ಗಂಟೆ ಹೊಡೆದರೆ ಜನ ಬರ್ತಾರೆ, ಬರದವರ ಮನೆಗೆ ನಡೆದೇ ಹೋಗಬಹುದು. ಇಲ್ಲಿ ನಮಗೆ ಸ್ವಂತ ದೇವಾಲಯವೇ ಇಲ್ಲ. ಮರಾಠಿ ಸಭೆಯವರ ಕಟ್ಟಡ, ಬೆಳಗ್ಗೆ ಅವರ ಆರಾಧನೆ, ಮಧ್ಯಾಹ್ನದ ಮೇಲೆ ನಮ್ಮದು, ನಮ್ಮ ನಂತರ ತಮಿಳಿನವರು. ಮೊದಲ ಭಾನುವಾರ ನಮ್ಮವರು ಎದ್ದು ನಿಂತಾಗ ಬೆಂಚುಗಳೆಲ್ಲ ಖಾಲಿ. ಅವತ್ತು ಮಾಟುಂಗಾ-ಮುಲುಂಡ್ ಮಧ್ಯೆ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ಅಂತ ಲೋಕಲ್ ಗಾಡಿಗಳ ಓಡಾಟ ಅಸ್ತವ್ಯಸ್ತ. ಜನ ಬಂದರು, ಕೊನೆಯ ಆಶೀರ್ವಾದದ ಹೊತ್ತಿಗೆ! ಈಗ ನಮ್ಮವರು ಶನಿವಾರವೇ ಬ್ಲಾಕ್ ಎಲ್ಲಿ ಅಂತ ನೋಡಿಕೊಂಡು ಬೋಧನೆ ಎಷ್ಟು ಉದ್ದ ಅಂತ ತೀರ್ಮಾನ ಮಾಡ್ತಾರೆ.

ಜನ ಎರಡು ಥರ. ಮಂಗಳೂರು, ಉಡುಪಿ ಕಡೆಯ ಹಳೆಯ ಕುಟುಂಬಗಳು, ಬ್ಯಾಂಕು-ಆಫೀಸಿನಲ್ಲಿ ದುಡಿದು ರಿಟೈರ್ ಆದವರು, ಮನೆಯಲ್ಲಿ ತುಳು. ಇನ್ನೊಂದು ಕಡೆ ನಮ್ಮ ಉತ್ತರದ ಜಿಲ್ಲೆಗಳಿಂದ ಬಂದು ನಾಕಾದಲ್ಲಿ (ರಸ್ತೆ ಕೂಡುವ ಕಡೆ) ನಿಂತು ಕೂಲಿ ಹುಡುಕುವವರು, ಗೌಂಡಿಗಳು. ಅವರಿಗೆ ಬಾಸೆಲ್ ಮಿಶನ್ನಿನ ಜರ್ಮನ್ ರಾಗ ಬೇಕು, ಇವರಿಗೆ ಭಜನೆ, ತಬಲಾ ಬೇಕು. ಎರಡೂ ಹಾಡಿಸಿ. ಮನೆ ಪ್ರಾರ್ಥನೆ ರಾತ್ರಿ ಒಂಬತ್ತೂವರೆಗೆ ಮೊದಲು ಇಟ್ಟರೆ ಗೋಡೆಗೆ ಪ್ರಾರ್ಥನೆ ಮಾಡಬೇಕಾಗುತ್ತೆ.

ಈಗ ನೀನು ಕೇಳದೇ ಇರುವ ಮಾತು. ಊರಲ್ಲಿ ಯಾರಾದರೂ ತೀರಿಕೊಂಡರೆ ಏನಾಗುತ್ತೆ ಅಂತ ನಿನಗೆ ಗೊತ್ತೇ ಇದೆ. ಇಲ್ಲಿ ಹಾಗಲ್ಲ.

ರೋಣದ ಕಡೆಯ ಒಬ್ಬ ಗೌಂಡಿ ನಮ್ಮ ಮನೆ ಪ್ರಾರ್ಥನೆಗೆ ತಪ್ಪದೆ ಬರ್ತಿದ್ದ. ನಮ್ಮ ಸಭೆಯಲ್ಲಿ ಹೆಸರು ಬರೆಸು ಅಂತ ನಮ್ಮವರು ಎಷ್ಟೋ ಸಲ ಹೇಳಿದ್ದರು. "ಯಾಕ್ರಿ ಅಯ್ಯನವ್ರ, ಬರೋ ವರ್ಷ ಊರಿಗೇ ಹೋಗ್ತೀನಲ್ಲ" ಅಂತಿದ್ದ. ಎಲ್ಲರೂ ಹಾಗೇ ಅಂತಾರೆ. ಒಂದು ಜುಲೈನಲ್ಲಿ ಎದೆನೋವು ಬಂದು ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ಊರಿಗೆ ಒಯ್ಯಬೇಕೆಂದರೆ ಸೊಲ್ಲಾಪುರದ ಮೇಲೆ 500 ಕಿಲೋಮೀಟರಿಗೂ ಜಾಸ್ತಿ, ಆ ಮಳೆಯಲ್ಲಿ ಘಾಟ್ ಇಳಿಯೋದು ಹತ್ತೋದು. ಅವನ ಹೆಂಡತಿಯೇ ಹೇಳಿದಳು: "ಮಕ್ಕಳ ಸಾಲಿ ಇಲ್ಲೇ ಐತಿ, ನಾ ಇಲ್ಲೇ ಇರಾಕಿ, ಇಲ್ಲೇ ಮಣ್ಣು ಮಾಡ್ರಿ."

ಸ್ಮಶಾನದ ಕಚೇರಿಯಲ್ಲಿ ಡಾಕ್ಟರ ಸರ್ಟಿಫಿಕೇಟ್ ಜೊತೆ ಯಾವ ಸಭೆಯ ಸದಸ್ಯ ಅಂತ ಪತ್ರ ಕೇಳಿದರು. ನಮ್ಮ ರಿಜಿಸ್ಟರಿನಲ್ಲಿ ಅವನ ಹೆಸರಿಲ್ಲ. ಊರಿಗೆ ಫೋನ್ ಮಾಡಿದರೆ, ವರ್ಷಗಟ್ಟಲೆ ವಂತಿಗೆ ಕಟ್ಟಿಲ್ಲ, ಹೆಸರು ತೆಗೆದಿದ್ದೇವೆ ಅಂದರು. ನಮ್ಮ ಊರಿನ ಸಭೆಗಳು 1947ರಲ್ಲಿ ಆದ ದಕ್ಷಿಣ ಭಾರತ ಸಭೆಯವು, ಇಲ್ಲಿ ನಡೆಯೋದು ಹೆಚ್ಚಾಗಿ 1970ರಲ್ಲಿ ಆದ ಉತ್ತರ ಭಾರತ ಸಭೆ. ಎರಡೂ ಒಂದೇ ಮನೆಯ ಅಣ್ಣತಮ್ಮಂದಿರು ಅಂತ ನಾವು ಹೇಳಬೇಕು, ಕಚೇರಿಯ ಮೇಜಿನವನಿಗೆ ಕಾಗದ ಬೇಕು. ಶವ ಕಾಯ್ತಾ ಇತ್ತು, ಸಂಜೆ ಆಗ್ತಾ ಬಂತು. ಕೊನೆಗೆ ಒಬ್ಬ ವಯಸ್ಸಾದ ಮರಾಠಿ ಪಾಸ್ಟರ್ ಹೊಣೆ ತಗೊಂಡು ಪತ್ರ ಬರೆದುಕೊಟ್ಟರು. ಗುಂಡಿಯ ಹತ್ತಿರ ಅವರು ಒಂದು ಮರಾಠಿ ಹಾಡು ಹೇಳಿದರು, ನಾವು ನಮ್ಮದು ಹೇಳಿದೆವು.

ಇಷ್ಟಕ್ಕೇ ಮುಗಿಯಲಿಲ್ಲ. ಕೆಲವು ತಿಂಗಳಾದ ಮೇಲೆ ಅವನ ಹೆಂಡತಿ ದುಡ್ಡು ಕೂಡಿಸಿಕೊಂಡು ನನ್ನ ಹತ್ತಿರ ಬಂದಳು. "ಅಕ್ಕಾರ, ಹೆಸರಿನ ಕಲ್ಲು ಯಾವಾಗ ಹಾಕ್ಸೋಣು?" ಮುಂಬಯಿಯಲ್ಲಿ ಜಾಗದ ಬರ. ಹಲವು ಕ್ರೈಸ್ತ ಸ್ಮಶಾನಗಳಲ್ಲಿ ಸ್ವಂತ ಜಾಗ ಇಲ್ಲದವರ ಗುಂಡಿಯನ್ನು ಕೆಲವೇ ವರ್ಷಕ್ಕೆ ಮತ್ತೆ ತೆಗೆದು ಇನ್ನೊಬ್ಬರಿಗೆ ಕೊಡ್ತಾರೆ. ಎಲುಬುಗಳನ್ನು ಗೋಡೆಯ ಗೂಡಿನಲ್ಲಿ ಇಡಬಹುದು, ಅದಕ್ಕೆ ಬೇರೆ ದುಡ್ಡು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮವರು ಅವತ್ತು ಪುಣೆಯಲ್ಲಿ ಕೂಟಕ್ಕೆ ಹೋಗಿದ್ದರು, ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಅಳಲಿಲ್ಲ. "ಹಂಗಾರ ಊರಿಗೇ ಒಯ್ಯಬೇಕಾಗಿತ್ತು" ಅಂದಳು. ಆ ಮಾತು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ಅದಕ್ಕೇ ಹೇಳೋದು, ಬರುವ ಮೊದಲು ನಿಮ್ಮಿಬ್ಬರ ಮತ್ತು ಮಗಳ ಸದಸ್ಯತ್ವದ ವರ್ಗಾವಣೆ ಪತ್ರ ಊರ ಸಭೆಯಿಂದ ತಗೊಂಡೇ ಗಾಡಿ ಹತ್ತಿರಿ. ಪಾಸ್ಟರಿಗೆ ಯಾಕೆ ಪತ್ರ ಅನ್ನಬೇಡಿ. ನೀವು ತಂದರೆ ತಾನೆ ಬೇರೆಯವರಿಗೆ ತರಿಸಿ ಅನ್ನಬಹುದು? ಬಂದ ತಿಂಗಳಲ್ಲೇ ರಿಜಿಸ್ಟರ್ ತೆಗೆದು ಒಂದೊಂದು ಮನೆಯನ್ನೂ ನೋಡಿ. ಇದನ್ನು ನಿನ್ನ ಮನೆಯವರಿಗಿಂತ ನೀನು ಚೆನ್ನಾಗಿ ಮಾಡ್ತೀಯ. ಗಂಡಸರು "ಮಾಡೋಣ ಬಿಡ್ರಿ" ಅಂತಾರೆ, ಹೆಂಗಸರು ಟ್ರಂಕಿನಿಂದ ದೀಕ್ಷಾಸ್ನಾನದ ಸರ್ಟಿಫಿಕೇಟ್ ಹುಡುಕಿ ಕೊಡ್ತಾರೆ. ಸ್ಮಶಾನದ ನಿಯಮವನ್ನೂ ಸ್ತ್ರೀಯರ ಕೂಟದಲ್ಲಿ ಮೊದಲೇ ಹೇಳಿಡು. ಅಪಶಕುನ ಅಂತ ಒಬ್ಬಿಬ್ಬರು ಮುಖ ತಿರುಗಿಸ್ತಾರೆ, ತಿರುಗಿಸಲಿ.

ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಜಾಸ್ತಿನೇ ಕಟ್ಟಿಕೋ, ಅದರಲ್ಲಿ ಸ್ವಲ್ಪ ನನಗೂ. ರಿಸರ್ವೇಶನ್ ಆದ ಮೇಲೆ ಗಾಡಿ, ಡಬ್ಬಿ ನಂಬರ್ ತಿಳಿಸು. ಕಲ್ಯಾಣ್‌ನಲ್ಲೇ ಇಳಿಯಿರಿ, ನಾವು ಬರ್ತೀವಿ. ಕೊನೆಯ ಸ್ಟೇಶನ್ನಿನವರೆಗೆ ಹೋದರೆ ಅಷ್ಟು ಸಾಮಾನು ಹೊತ್ತು ಲೋಕಲ್‌ನಲ್ಲಿ ವಾಪಸ್ ಬರೋದು ಆಗೋ ಮಾತಲ್ಲ.