ಅಳುವವರೇ ಇಲ್ಲದ ಸಾವುಗಳು

ರಾಜಾಜಿನಗರದ ಓದುಗರಿಗೆ ನಮಸ್ಕಾರ.

ನಿಮ್ಮ ಎರಡು ಪುಟದ ಪತ್ರ ಓದಿದೆ. ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿಯವರ ಪತ್ತೇದಾರಿ ಕಾದಂಬರಿಗಳಲ್ಲಿ ಮನುಷ್ಯರಿಗಿಂತ ಒಗಟಿಗೇ ಜಾಗ ಜಾಸ್ತಿ ಅಂತ ಹೋದ ಸಂಚಿಕೆಯಲ್ಲಿ ನಾನು ಬರೆದದ್ದು ನಿಮಗೆ ಬೇಸರ ತಂದಿದೆ. ಕಾಲೇಜು ದಿನಗಳಿಂದ ಓದಿಕೊಂಡು ಬಂದಿದ್ದೀರಿ. 85ನೇ ವಯಸ್ಸಿನಲ್ಲೂ ‘ಕರ್ಟನ್’ ಬರೆದವರ ಬಗ್ಗೆ ಹೀಗೆ ಹಗುರವಾಗಿ ಮಾತಾಡಬಹುದಾ ಅಂತ ಕೇಳಿದ್ದೀರಿ.

ಮೊದಲು ಅದನ್ನೇ ಹೇಳುತ್ತೇನೆ. ‘ಕರ್ಟನ್’ ಅಚ್ಚಾಗಿದ್ದು 1975ರಲ್ಲಿ, ನಿಜ. ಆದರೆ ಬರೆದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಬರೆದು ಮೂವತ್ತು ವರ್ಷ ಹಾಗೇ ಎತ್ತಿಟ್ಟಿದ್ದರು. ಮುಪ್ಪಿನಲ್ಲಿ ಬರೆದದ್ದು ನೋಡಬೇಕಾದರೆ 1973ರ ‘ಪೋಸ್ಟರ್ನ್ ಆಫ್ ಫೇಟ್’ ಇದೆ. ಹೇಳಿದ್ದನ್ನೇ ಹೇಳುತ್ತಾರೆ, ಎಳೆ ಕೈತಪ್ಪುತ್ತದೆ. ಓದಿ ಮುಗಿಸುವಾಗ ನನಗೆ ಸಂಕಟವಾಯಿತು.

ನನ್ನ ತಕರಾರು ಹುಟ್ಟಿದ್ದು ಇನ್ನೊಂದು ಪುಸ್ತಕದಿಂದ. ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ನ ಹಳೇ ಪ್ರತಿ ಸಿಕ್ಕಿತ್ತು. ಮನೆಗೆ ತಂದು ತೆರೆದರೆ ಮೊದಲ ಪುಟದಲ್ಲೇ ಯಾರೋ ಬಾಲ್‌ಪೆನ್ನಿನಲ್ಲಿ ಕೊಲೆಗಾರನ ಹೆಸರು ಬರೆದು ಕೆಳಗೆ ಗೆರೆ ಎಳೆದಿದ್ದರು. ಕೆಟ್ಟ ಕೋಪ ಬಂತು. ಆದರೂ ಓದಿದೆ. ಗೊತ್ತಿದ್ದು ಓದಿದಾಗಲೇ ಕ್ರಿಸ್ಟಿಯವರ ಕಸುಬು ಎಂಥದ್ದು ಅಂತ ತಿಳಿದದ್ದು. ಕೊಲೆಯಾದ ಕೋಣೆಯಲ್ಲಿ ಒಂದು ಕುರ್ಚಿ ಇದ್ದ ಜಾಗದಿಂದ ಸರಿದಿರುತ್ತದೆ, ಮನೆಯಾಳು ಅದನ್ನು ಬಾಯಿಬಿಟ್ಟು ಹೇಳುತ್ತಾನೆ, ಎಲ್ಲ ಕಣ್ಣೆದುರೇ ಇದೆ, ನಾವೇ ದಾಟಿಕೊಂಡು ಹೋಗಿರುತ್ತೇವೆ. ಅಷ್ಟು ಪ್ರಾಮಾಣಿಕವಾಗಿ ಓದುಗರನ್ನು ಏಮಾರಿಸುವುದು ಸುಮ್ನೆ ಅಲ್ಲ. ಆದರೆ ಅದೇ ಓದಿನಲ್ಲಿ ಇನ್ನೊಂದೂ ಕಂಡಿತು. ಯಜಮಾನ ಸತ್ತಿದ್ದಾನೆ, ಮನೆ ತುಂಬ ಜನ, ಮಾತೆಲ್ಲ ಉಯಿಲು, ಗಂಟೆ, ಬಾಗಿಲು. ಮನಸಾರೆ ಅತ್ತವರು ಒಬ್ಬರೂ ನನಗೆ ನೆನಪಿಲ್ಲ. ನಮ್ಮ ಕಡೆ ಸಾವಿನ ಮನೆ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ವಾ, ಆಸ್ತಿಗೆ ಹೊಡೆದಾಡುವವರೂ ಮೊದಲು ಒಂದು ಗಳಿಗೆ ಅತ್ತಿರುತ್ತಾರೆ.

ವಿಷಗಳ ಬಗ್ಗೆ ಅವರು ತಿಳಿದೇ ಬರೆದಿದ್ದಾರೆ ಅನ್ನುವ ವಿಚಾರದಲ್ಲಿ ಮಾತ್ರ ನಾನು ನಿಮ್ಮ ಪಕ್ಷ. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಟಾರ್ಕಿ ಊರಿನ ಆಸ್ಪತ್ರೆಯಲ್ಲಿ ಔಷಧಿ ತಯಾರಿಸಿ ಕೊಡುತ್ತಾ ಕಲಿತ ವಿದ್ಯೆ ಅದು. 1961ರ ‘ದಿ ಪೇಲ್ ಹಾರ್ಸ್’ನಲ್ಲಿ ಥ್ಯಾಲಿಯಂ ಅನ್ನುವ ವಿಷ ಒಳಗೆ ಹೋದವರ ಕೂದಲು ಉದುರುವುದನ್ನು ಬರೆದರು. 1977ರಲ್ಲಿ ಕತಾರ್‌ನಿಂದ ಲಂಡನ್ನಿಗೆ ತಂದಿದ್ದ ಒಂದು ಮಗುವಿಗೆ ಏನಾಗಿದೆ ಅಂತ ಡಾಕ್ಟರುಗಳಿಗೆ ತಿಳಿಯದೆ ಇದ್ದಾಗ, ಆ ಕಾದಂಬರಿ ಓದುತ್ತಿದ್ದ ನರ್ಸ್ ಒಬ್ಬರು ಇದು ಥ್ಯಾಲಿಯಂ ಇರಬಹುದು ಅಂದರು. ಪರೀಕ್ಷೆ ಮಾಡಿದರೆ ಅದೇ. ಮಗು ಉಳಿಯಿತು.

ಇಷ್ಟು ಕಂಡವರಿಗೆ ದುಃಖ ಬರೆಯಲು ಬರುತ್ತಿರಲಿಲ್ಲವಾ? ಬರುತ್ತಿತ್ತು. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ. 1946ರ ‘ದಿ ಹಾಲೋ’ದಲ್ಲಿ ಹೆನ್ರಿಯೆಟ್ಟಾ ಅನ್ನುವ ಶಿಲ್ಪಿ ಇದ್ದಾಳೆ. ಪ್ರೀತಿಸಿದವನು ಸತ್ತಿದ್ದಾನೆ, ಎಲ್ಲರ ಹಾಗೆ ಸುಮ್ಮನೆ ಕೂತು ಅಳಲೂ ಅವಳಿಗೆ ಆಗುವುದಿಲ್ಲ, ಆ ದುಃಖವನ್ನೇ ಕಲ್ಲಿನಲ್ಲಿ ಮೂರ್ತಿ ಮಾಡಲು ಹೊರಡುತ್ತಾಳೆ. ಆ ಕೊನೇ ಪುಟ ಓದಿ ನಾನು ಬಹಳ ಹೊತ್ತು ಪುಸ್ತಕ ಮುಚ್ಚಲಿಲ್ಲ. ಈ ಕಾದಂಬರಿಗೆ ತಮ್ಮ ಪತ್ತೇದಾರ ಪೊಯ್ರೋನನ್ನು ತಂದು ಕೆಡಿಸಿದೆ ಅಂತ ಕ್ರಿಸ್ಟಿ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1951ರಲ್ಲಿ ಇದು ನಾಟಕವಾಗಿ ರಂಗಕ್ಕೆ ಬಂದಾಗ ಅವನನ್ನು ಪೂರ್ತಿ ಕೈಬಿಟ್ಟಿದ್ದರು.

ಓದಿದ ಪುಸ್ತಕಗಳ ಪಟ್ಟಿ ಕೊಟ್ಟಿದ್ದೀರಲ್ಲ, ಅದರಲ್ಲಿ ಇದಿಲ್ಲ. ನನ್ನ ಪ್ರತಿ ಕಚೇರಿಯಲ್ಲೇ ಇದೆ. ಈ ಕಡೆ ಬಂದಾಗ ತೆಗೆದುಕೊಂಡು ಹೋಗಿ, ಓದಿ ಇನ್ನೊಂದು ಪತ್ರ ಬರೆಯಿರಿ.